ಸ್ತನ ಕ್ಯಾನ್ಸರಿಗೊಂದು ಶಾಶ್ವತ ದತ್ತಿ

ಕರ್ನಾಟಕದ ದೊಡ್ಡ ದೇವಸ್ಥಾನಗಳ ಸೇವಾ ಪಟ್ಟಿಯಲ್ಲಿ ಅರ್ಚನೆ, ಅಭಿಷೇಕಗಳ ಕೆಳಗೆ ಶಾಶ್ವತ ಪೂಜೆ ಎಂದೊಂದು ಸಾಲು ಇರುತ್ತದೆ. ಒಮ್ಮೆ ಇಡಿಗಂಟು ಕಟ್ಟಿದರೆ ಮುಗಿಯಿತು. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ, ಬರೆಸಿದ ತಿಥಿಯಂದು, ಬರೆಸಿದ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು, ಘಟಿಕೋತ್ಸವಗಳಲ್ಲಿ ಕೊಡುವ ಚಿನ್ನದ ಪದಕಗಳು, ವಿದ್ಯಾರ್ಥಿನಿಲಯಗಳ ಕೋಣೆಯ ಬಾಗಿಲ ಮೇಲಿನ ಕಲ್ಲಿನ ಫಲಕಗಳು ಎಲ್ಲವೂ ಇದೇ ಲೆಕ್ಕದವು. ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಬಾಗಿಲು ತೆರೆದ ಗುಬ್ಬಿ ತೋಟದಪ್ಪನವರ ಛತ್ರ, ಅವರು ತೀರಿಕೊಂಡು ನೂರು ವರ್ಷ ದಾಟಿದ ಮೇಲೂ ಊರಿಂದ ಬಂದವರಿಗೆ ತಂಗಲು ಜಾಗ ಕೊಡುತ್ತಿದೆ. ಮನುಷ್ಯ ಹೋದ ಮೇಲೂ ದುಡಿಯುವ ಹಣದ ಕಲ್ಪನೆಯನ್ನು ನಮಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಿಲ್ಲ. ಆದರೆ ಆ ಹಣ ಹೋಗಿ ಸೇರುವ ಜಾಗಗಳಲ್ಲಿ ಗುಡಿ, ಮಠ, ಶಾಲೆ, ಸಾಹಿತ್ಯ ಇವೆ. ಸ್ತನ ಕ್ಯಾನ್ಸರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದ್ದರೆ ಚೆನ್ನಾಗಿತ್ತು ಎಂದು ಆಶಿಸಿ ಸುಮ್ಮನಾಗುವ ವಿಷಯ ಇದಲ್ಲ. ಉಯಿಲಿನ ಮೂಲಕ ಬರುವ ಹಣಕ್ಕೆ ಒಂದು ಸ್ವಭಾವವಿದೆ. ಅದು ತಡವಾಗಿ ಬರುತ್ತದೆ, ಬಂದ ಮೇಲೆ ಯಾರ ಅವಸರಕ್ಕೂ ಒಳಗಾಗದೆ ದೀರ್ಘಕಾಲ ಕಾಯಬಲ್ಲದು. ಈ ರೋಗಕ್ಕೆ ಬೇಕಾಗಿರುವುದೂ ಅಂಥ ಹಣವೇ ಎಂಬುದು ಈ ಲೇಖನದ ವಾದ.

ಮೊದಲು ರೋಗದ ಲೆಕ್ಕ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಗ್ಲೋಬೊಕಾನ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು, ಅದೇ ವರ್ಷ ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 56 ಸಾವಿರ ಹೊಸ ರೋಗಿಗಳಿಗೆ ಸಾವು 11 ಸಾವಿರ ಚಿಲ್ಲರೆ. ಒಂದು ವರ್ಷದ ರೋಗಿಗಳನ್ನೂ ಅದೇ ವರ್ಷದ ಸಾವುಗಳನ್ನೂ ಅಕ್ಕಪಕ್ಕ ಇಡುವುದು ಕಚ್ಚಾ ಲೆಕ್ಕ, ನಿಜ. ಆದರೂ ಅಲ್ಲಿ ಐದಕ್ಕೆ ಒಂದು, ಇಲ್ಲಿ ಎರಡಕ್ಕೆ ಒಂದು ಎನ್ನುವ ಅಂತರವನ್ನು ಲೆಕ್ಕದ ಕಚ್ಚಾತನ ನುಂಗಿಹಾಕಲಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ: ಶ್ರೀಮಂತ ದೇಶಗಳಲ್ಲಿ ರೋಗ ಗೊತ್ತಾಗಿ ಐದು ವರ್ಷ ಬದುಕುವವರು ಶೇ 90ಕ್ಕೂ ಹೆಚ್ಚು, ಭಾರತದಲ್ಲಿ ಶೇ 66. ಗೆಡ್ಡೆ ಎರಡೂ ಕಡೆ ಒಂದೇ. ಬೇರೆಯಾಗಿರುವುದು ಅದು ವೈದ್ಯರ ಕೈಗೆ ಸಿಗುವ ದಿನ, ಮತ್ತು ಆಮೇಲೆ ಚಿಕಿತ್ಸೆ ಕೊನೆಮುಟ್ಟುತ್ತದೆಯೋ ಇಲ್ಲವೋ ಎಂಬುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಮ್ಮಿಕೊಂಡ ಜಾಗತಿಕ ಕಾರ್ಯಕ್ರಮ ಇಟ್ಟುಕೊಂಡಿರುವ ಗುರಿಗಳೂ ಇವುಗಳ ಸುತ್ತಲೇ ಇವೆ. ಶೇ 60ಕ್ಕೂ ಹೆಚ್ಚು ಪ್ರಕರಣಗಳು ಮೊದಲೆರಡು ಹಂತಗಳಲ್ಲೇ ಪತ್ತೆಯಾಗಬೇಕು, ಆಸ್ಪತ್ರೆಗೆ ಬಂದ 60 ದಿನಗಳೊಳಗೆ ರೋಗ ಖಚಿತವಾಗಬೇಕು, ಶೇ 80ರಷ್ಟು ಮಂದಿ ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ಇವುಗಳಲ್ಲಿ ಯಾವುದೂ ಒಂದು ದುಬಾರಿ ಯಂತ್ರ ತಂದು ನಿಲ್ಲಿಸಿ ರಿಬ್ಬನ್ ಕತ್ತರಿಸಿದರೆ ಆಗುವ ಕೆಲಸವಲ್ಲ. ಊರೂರಿಗೆ ಹೋಗುವ ಕಾರ್ಯಕರ್ತೆ, ಆಸ್ಪತ್ರೆಯ ಹತ್ತಿರ ತಂಗಲು ಒಂದು ಕೋಣೆ, ಮೂರನೇ ಕೀಮೋಗೆ ಬಾರದವರ ಮನೆಗೆ ಹೋಗುವ ಒಂದು ಫೋನು, ಇವೆಲ್ಲ ವರ್ಷಗಟ್ಟಲೆ ಎಡೆಬಿಡದೆ ನಡೆಯಬೇಕಾದ ಕೆಲಸಗಳು.

ಇಲ್ಲಿ ಮುಂಬೈನ ಒಂದು ಅಧ್ಯಯನವನ್ನು ಸ್ವಲ್ಪ ನಿಂತು ನೋಡಬೇಕು. 1998ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಇಂದ್ರನೀಲ ಮಿತ್ರ ಮತ್ತು ಸಂಗಡಿಗರು ನಗರದ ಕೊಳೆಗೇರಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದಲೇ ಸ್ತನ ಪರೀಕ್ಷೆ ಮಾಡುತ್ತಿದ್ದರು. ಮ್ಯಾಮೊಗ್ರಾಂ ಇಲ್ಲ, ಯಂತ್ರವಿಲ್ಲ. ಇನ್ನೊಂದು ಗುಂಪಿಗೆ ತಿಳಿವಳಿಕೆ ಮಾತ್ರ. ಇಪ್ಪತ್ತು ವರ್ಷ ಹಿಂಬಾಲಿಸಿದ ಮೇಲೆ, 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಮುಂದುವರಿದ ಹಂತದಲ್ಲಿ, ಅಂದರೆ ಮೂರು ಅಥವಾ ನಾಲ್ಕನೇ ಹಂತದಲ್ಲಿ ಸಿಕ್ಕ ರೋಗಿಗಳು ಪರೀಕ್ಷೆಯಿಲ್ಲದ ಗುಂಪಿನಲ್ಲಿ ಶೇ 47 ಇದ್ದರೆ ಪರೀಕ್ಷೆಗೊಳಗಾದ ಗುಂಪಿನಲ್ಲಿ ಶೇ 37. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಇಳಿಕೆ ಶೇ 15, ಅದು ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ನಿಲ್ಲುವಷ್ಟು ಗಟ್ಟಿಯಲ್ಲ. ಐವತ್ತರೊಳಗಿನವರಿಗೆ ಪ್ರಯೋಜನ ಕಾಣಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ. ಇಷ್ಟು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು ಎನ್ನುವುದೇ ಗಮನಿಸಬೇಕಾದ ಮಾತು. ಹತ್ತನೇ ವರ್ಷಕ್ಕೆ ಹಣ ನಿಂತಿದ್ದರೆ ಆ ಒಂದೂವರೆ ಲಕ್ಷ ಮಹಿಳೆಯರು ಕೊಟ್ಟ ಸಹಕಾರದಿಂದ ಖಚಿತವಾದ ಉತ್ತರ ಸಿಗುತ್ತಿರಲಿಲ್ಲ.

ಅದೇ ಆಸ್ಪತ್ರೆಯ ರಾಜೇಂದ್ರ ಬಡ್ವೆ ನೇತೃತ್ವದ ಇನ್ನೊಂದು ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಗೆಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮುಂಚೆ ಅದರ ಸುತ್ತ ಲಿಗ್ನೊಕೇನ್ ಚುಚ್ಚುವುದು. ಹಲ್ಲಿನ ಡಾಕ್ಟರು ಕೊಡುವ ಅದೇ ಮರಗಟ್ಟಿಸುವ ಮದ್ದು. ಹನ್ನೊಂದು ಕೇಂದ್ರಗಳ ಸುಮಾರು 1,600 ಮಹಿಳೆಯರನ್ನು ಹತ್ತು ವರ್ಷಗಳ ಅವಧಿಯಲ್ಲಿ ಸೇರಿಸಿಕೊಂಡು ನೋಡಿದಾಗ, ಐದು ವರ್ಷ ಬದುಕಿದವರ ಪ್ರಮಾಣ ಶೇ 86.4ರಿಂದ ಶೇ 90.1ಕ್ಕೆ ಏರಿತ್ತು. ಮದ್ದಿನ ಬೆಲೆ ನೂರು ರೂಪಾಯಿಯ ಆಸುಪಾಸು, ಪೇಟೆಂಟ್ ಮುಗಿದು ಎಷ್ಟೋ ಕಾಲವಾಗಿದೆ. ಇಂಥ ಪ್ರಯೋಗಕ್ಕೆ ಯಾವ ಔಷಧ ಕಂಪನಿ ಹಣ ಹಾಕೀತು? ಗೆದ್ದರೂ ಮಾರಲು ಏನೂ ಇಲ್ಲ. ಅದಕ್ಕೆ ಸರ್ಕಾರದ ಹಣ ಬೇಕು, ಇಲ್ಲವೇ ಲಾಭ ಕೇಳದ ದಾನದ ಹಣ ಬೇಕು. ಲಂಡನ್ನಿನಲ್ಲೂ ಇದಕ್ಕೆ ಹೋಲುವ ಕಥೆಯಿದೆ. ಬ್ರೇಕ್‌ಥ್ರೂ ಬ್ರೆಸ್ಟ್ ಕ್ಯಾನ್ಸರ್ ಎಂಬ ದಾನಸಂಸ್ಥೆ 1999ರಲ್ಲಿ ಅಲ್ಲಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ತನ್ನ ಕೇಂದ್ರ ತೆರೆಯಿತು. ಅದರ ನಿರ್ದೇಶಕ ಅಲನ್ ಆ್ಯಶ್‌ವರ್ತ್ ಅವರ ತಂಡ, ಬಿಆರ್‌ಸಿಎ ಎಂಬ ವಂಶವಾಹಿ ಕೆಟ್ಟಿರುವ ಕ್ಯಾನ್ಸರ್ ಕೋಶಗಳು ಪಾರ್ಪ್ ಎಂಬ ಕಿಣ್ವವನ್ನು ತಡೆದರೆ ಸಾಯುತ್ತವೆ ಎಂದು 2005ರಲ್ಲಿ ತೋರಿಸಿತು. ಆ ತತ್ತ್ವದ ಮೇಲೆ ಬಂದ ಓಲಾಪರಿಬ್ ಮಾತ್ರೆಗೆ ಅಂಡಾಶಯದ ಕ್ಯಾನ್ಸರಿಗಾಗಿ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ, ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಸಿಕ್ಕಿದ್ದು 2018ರಲ್ಲಿ. ಕೇಂದ್ರದ ಬಾಗಿಲಿನಿಂದ ರೋಗಿಯ ಕೈಗೆ ಹತ್ತೊಂಬತ್ತು ವರ್ಷ.

ಪ್ರತಿ ಅಕ್ಟೋಬರಿನಲ್ಲಿ ನಮ್ಮ ನಗರಗಳೂ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ನಡಿಗೆ, ಟೀ ಶರ್ಟು, ಗುಲಾಬಿ ದೀಪ ಹಚ್ಚಿದ ಕಟ್ಟಡ. ಅದನ್ನು ಗೇಲಿ ಮಾಡುವುದು ಸುಲಭ, ಮಾಡಬೇಕಿಲ್ಲ. ಎದೆಯಲ್ಲಿ ಗಂಟು ಎಂದು ಗಟ್ಟಿಯಾಗಿ ಹೇಳಲು ಹಿಂಜರಿಯುವ ಸಮಾಜದಲ್ಲಿ ತಿಂಗಳೊಂದಾದರೂ ಮಾತು ನಡೆಯುವುದು ಲಾಭವೇ. ಆದರೆ ಪ್ರಚಾರದ ಬೆನ್ನಿಗೆ ಬಂದ ಹಣ ಪ್ರಚಾರದ ಜೊತೆಗೇ ಇಳಿಯುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಯ ಹಣವೂ ಆರ್ಥಿಕ ವರ್ಷದ ಕೊನೆಗೆ ಫೋಟೊ ಕೇಳುತ್ತದೆ. ಹಾರ್ಮೋನು ಅವಲಂಬಿತ ಸ್ತನ ಕ್ಯಾನ್ಸರ್ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಮೇಲೂ ಮರಳಬಹುದು. ಐದರಿಂದ ಹತ್ತು ವರ್ಷ ದಿನವೂ ಮಾತ್ರೆ ನುಂಗಬೇಕಾಗುತ್ತದೆ. ಈ ರೋಗಿಯ ಕ್ಯಾಲೆಂಡರಿನಲ್ಲಿ ಮಾರ್ಚ್ 31ಕ್ಕೆ ಅರ್ಥವಿಲ್ಲ. ಉಯಿಲಿನ ಹಣ ಮಾತ್ರ ಯಾರಿಂದಲೂ ಫೋಟೊ ಕೇಳದು, ಕೊಟ್ಟವರೇ ಇರುವುದಿಲ್ಲವಲ್ಲ. ಈ ಹಣದ ಬಲ ಎಷ್ಟು ಎನ್ನುವುದಕ್ಕೆ ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಸಾಕ್ಷಿ. ಅದರ ಸಂಶೋಧನೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ನಡೆಯುವುದು ಜನ ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ.

ಹಾಗಾದರೆ ನಮ್ಮಲ್ಲಿ ಯಾಕಿಲ್ಲ? ಜನ ಕೊಡುಗೈಯವರಲ್ಲ ಎಂಬ ಉತ್ತರ ಶಾಶ್ವತ ಪೂಜೆಯ ಪಟ್ಟಿಯ ಎದುರು ನಿಲ್ಲುವುದಿಲ್ಲ. ಒಂದು ಕಾರಣ ನಾಚಿಕೆ. ಕ್ಯಾನ್ಸರಿನಿಂದ ಹೋದವರ ಶ್ರದ್ಧಾಂಜಲಿ ಜಾಹೀರಾತಿನಲ್ಲೂ ಅಲ್ಪಕಾಲದ ಅನಾರೋಗ್ಯ ಎಂದೇ ಬರೆಯುವ ಮನೆಗಳಿವೆ. ಹೆಸರಿಸಲಾಗದ ರೋಗದ ಹೆಸರಿನಲ್ಲಿ ದತ್ತಿ ಇಡುವುದು ಹೇಗೆ? ಇನ್ನೊಂದು, ಉಯಿಲು ಬರೆಯುವುದೇ ಅಪಶಕುನ ಎಂಬ ಭಾವನೆ. ಮೂರನೆಯದು ತೀರಾ ಸಣ್ಣದು, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು: ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಫೋನಿನಲ್ಲಿ ಉಯಿಲು ಬರೆಸಿಕೊಡುವ ಒಂದು ಕಾನೂನು ಸೇವೆಯ ಗ್ರಾಹಕರನ್ನು ಮೂರು ಗುಂಪು ಮಾಡಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಏನೂ ಕೇಳದೆ ಬಿಟ್ಟವರಲ್ಲಿ ದಾನಸಂಸ್ಥೆಗೆ ಏನಾದರೂ ಬಿಟ್ಟವರು ಶೇ 5. ಯಾವುದಾದರೂ ದಾನಸಂಸ್ಥೆಗೆ ಹಣ ಬಿಡಲು ಇಷ್ಟಪಡುತ್ತೀರಾ ಎಂದು ಬರೀ ಒಂದು ಪ್ರಶ್ನೆ ಕೇಳಿದಾಗ ಅದು ಶೇ 10 ದಾಟಿತು. ನಮ್ಮ ಅನೇಕ ಗ್ರಾಹಕರು ಹೀಗೆ ಬಿಡುತ್ತಾರೆ, ನಿಮ್ಮ ಮನಸ್ಸಿಗೆ ಹತ್ತಿರವಾದ ವಿಷಯ ಯಾವುದಾದರೂ ಇದೆಯೇ ಎಂದು ಕೇಳಿದಾಗ ಶೇ 15 ದಾಟಿತು, ಸರಾಸರಿ ಮೊತ್ತವೂ ದುಪ್ಪಟ್ಟಾಯಿತು. ಜನರ ಹೃದಯ ಮೂರು ಗುಂಪಿನಲ್ಲೂ ಒಂದೇ. ಬದಲಾದದ್ದು ಮೇಜಿನ ಆಚೆ ಕೂತವರ ಒಂದು ವಾಕ್ಯ. ನಮ್ಮಲ್ಲಿ ಮೇಜಿನ ಆಚೆ ಕೂತಿರುವವರು ವಕೀಲರು, ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರರು. ಅವರ ಕಂಪ್ಯೂಟರಿನಲ್ಲಿ ಹಿರಿಯ ಮಗನಿಗೆ ಇದು, ಕಿರಿಯ ಮಗನಿಗೆ ಅದು, ಮಗಳಿಗೆ ಒಡವೆ ಎಂಬ ಮಾದರಿ ಸಿದ್ಧವಿರುತ್ತದೆ. ಅದರಲ್ಲಿ ಖಾಲಿ ಬಿಟ್ಟ ಇನ್ನೊಂದು ಸಾಲು ಇರಬೇಕು, ಅಷ್ಟೇ.

ಬ್ರಿಟನ್ನಿನಿಂದ ಇಡೀ ಪದ್ಧತಿಯನ್ನು ಎತ್ತಿ ತರಲು ಮಾತ್ರ ಬರುವುದಿಲ್ಲ. ಅಲ್ಲಿ 3.25 ಲಕ್ಷ ಪೌಂಡ್ ಮೀರಿದ ಆಸ್ತಿಗೆ ಶೇ 40 ಉತ್ತರಾಧಿಕಾರ ತೆರಿಗೆ. ದಾನಸಂಸ್ಥೆಗೆ ಬಿಟ್ಟದ್ದಕ್ಕೆ ತೆರಿಗೆಯಿಲ್ಲ, ತೆರಿಗೆಗೆ ಒಳಪಡುವ ಆಸ್ತಿಯ ಶೇ 10ರಷ್ಟನ್ನಾದರೂ ಹಾಗೆ ಬಿಟ್ಟರೆ ಉಳಿದದ್ದರ ದರ 2012ರಿಂದ ಶೇ 36ಕ್ಕೆ ಇಳಿಯುತ್ತದೆ. ನಮ್ಮಲ್ಲಿ 1953ರ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಉಯಿಲಿನ ದಾನದಿಂದ ಇಲ್ಲಿ ಉಳಿತಾಯವಾಗುವ ತೆರಿಗೆ ಏನೂ ಇಲ್ಲ; ಇದೆ ಎಂದು ಯಾರಾದರೂ ಆಸೆ ತೋರಿಸಿದರೆ ಅವರ ಸಂಸ್ಥೆಯ ಬಗ್ಗೆ ಎರಡು ಸಲ ಯೋಚಿಸುವುದು ಒಳ್ಳೆಯದು.

ಮೊದಲ ಆಕ್ಷೇಪಣೆ ಮನೆಯೊಳಗಿನಿಂದಲೇ ಬರುತ್ತದೆ. ಮಕ್ಕಳ ಅನ್ನ ಕಸಿದು ಊರಿಗೆ ಹಂಚುವುದು ಯಾವ ಧರ್ಮ? ಕಾನೂನಿನ ಮಟ್ಟಿಗೆ ಹೇಳುವುದಾದರೆ, ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ವ್ಯಕ್ತಿ ಯಾರಿಗೆ ಬೇಕಾದರೂ ಬರೆಯಬಹುದು; ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ ಬರೆಯಬಹುದು. ಅವಲಂಬಿತರಾದ ಹೆಂಡತಿ, ಅಪ್ರಾಪ್ತ ಮಕ್ಕಳು, ಮದುವೆಯಾಗದ ಮಗಳು, ವಯಸ್ಸಾದ ತಂದೆತಾಯಿಯ ಜೀವನಾಂಶದ ಹಕ್ಕು ಆಸ್ತಿ ಯಾರ ಕೈಗೆ ಹೋದರೂ ಅದರ ಹಿಂದೆಯೇ ಹೋಗುತ್ತದೆ. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗದಾಚೆ ಉಯಿಲು ಬರೆಯುವಂತಿಲ್ಲ, ಎಂದರೆ ಸಮತೋಲನ ಕಾನೂನಿನೊಳಗೇ ಇದೆ. ಕ್ರೈಸ್ತರ ಮೇಲೆ ಒಂದು ವಿಚಿತ್ರ ನಿರ್ಬಂಧ ಬಹುಕಾಲವಿತ್ತು. ಹತ್ತಿರದ ಸಂಬಂಧಿಕರಿದ್ದರೆ, ಸಾಯುವ ಕನಿಷ್ಠ ಹನ್ನೆರಡು ತಿಂಗಳ ಮುಂಚೆ ಬರೆದು ಆರು ತಿಂಗಳೊಳಗೆ ಠೇವಣಿ ಇಟ್ಟ ಉಯಿಲಿನಿಂದ ಮಾತ್ರ ಧರ್ಮಕಾರ್ಯಕ್ಕೆ ಆಸ್ತಿ ಬಿಡಬಹುದಿತ್ತು. ಜಾನ್ ವಳ್ಳಮಟ್ಟಂ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರ ಎಂದು ತೆಗೆದುಹಾಕಿತು. ಆದರೆ ಕಾನೂನು ಬಿಡುತ್ತದೆ ಎಂದಮಾತ್ರಕ್ಕೆ ಎಲ್ಲವನ್ನೂ ಬರೆಯಿರಿ ಎಂದು ಹೇಳುವವನು ನಾನಲ್ಲ. ಇಂಗ್ಲೆಂಡಿನಲ್ಲಿ ತಾಯಿಯೊಬ್ಬರು ದೂರವಾದ ಮಗಳಿಗೆ ಏನೂ ಬಿಡದೆ 4.86 ಲಕ್ಷ ಪೌಂಡಿನ ಆಸ್ತಿಯ ಬಹುಪಾಲನ್ನು ಮೂರು ಪ್ರಾಣಿದಯಾ ಸಂಸ್ಥೆಗಳಿಗೆ ಬರೆದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹತ್ತಿ 2017ರಲ್ಲಿ ಮಗಳಿಗೆ 50 ಸಾವಿರ ಪೌಂಡ್ ಎಂದು ಇತ್ಯರ್ಥವಾಯಿತು. ಯಾರು ಗೆದ್ದರು ಎಂದು ಹೇಳುವುದು ಕಷ್ಟ. ಮಕ್ಕಳ ಮೇಲಿನ ಸಿಟ್ಟು ತೀರಿಸಿಕೊಳ್ಳಲು ದಾನ ಸಾಧನವಾಗಬಾರದು. ನೂರರಲ್ಲಿ ಐದೋ ಹತ್ತೋ ಪಾಲು ಬಿಟ್ಟರೆ ಯಾವ ಮಗನ ಮನೆಯೂ ಮುಳುಗದು, ಬದುಕಿರುವಾಗಲೇ ಮಕ್ಕಳ ಮುಂದೆ ಹೇಳಿದರೆ ಮೊಕದ್ದಮೆಯ ಸಾಧ್ಯತೆಯೂ ಕಮ್ಮಿ. ಅಮ್ಮನನ್ನು ಇದೇ ರೋಗದಲ್ಲಿ ಕಳೆದುಕೊಂಡ ಮಕ್ಕಳಾದರೆ ತಕರಾರು ಬರುವ ಬದಲು ಅವರೇ ಪಾಲು ಹೆಚ್ಚಿಸಲು ಹೇಳಲೂಬಹುದು.

ಎರಡನೆಯ ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಇದು ಸರ್ಕಾರದ ಕರ್ತವ್ಯ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆಯಲ್ಲ, ದಾನಕ್ಕೆ ಬಿಟ್ಟರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬ ವಾದ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಯೋಜನೆ ನಿಜಕ್ಕೂ ದೊಡ್ಡದು, ಅದನ್ನು ಯಾವ ದತ್ತಿಯೂ ತುಂಬಿಕೊಡಲಾರದು. ಆದರೆ ಯೋಜನೆ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿಗೆ ಬಂದು, ವಾರಗಟ್ಟಲೆ ದಿನವೂ ರೇಡಿಯೇಷನ್ ತೆಗೆದುಕೊಳ್ಳಬೇಕಾದ ಹೆಂಗಸಿನ ಜೊತೆ ಬಂದವರ ಕೂಲಿ, ಬಾಡಿಗೆ, ಊಟ, ಮನೆಯಲ್ಲಿ ಬಿಟ್ಟುಬಂದ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಯಾವ ಪ್ಯಾಕೇಜಿನಲ್ಲೂ ಇಲ್ಲ. ಸ್ತನ ತೆಗೆದ ಮೇಲೆ ಒಳ ಉಡುಪಿನಲ್ಲಿ ಇಟ್ಟುಕೊಳ್ಳುವ ಕೃತಕ ಸ್ತನ, ಕೈ ಊದಿದರೆ ಹಾಕಿಕೊಳ್ಳುವ ಬಿಗಿ ತೋಳುಪಟ್ಟಿ, ಮಾತಾಡಲು ಒಬ್ಬ ಆಪ್ತಸಮಾಲೋಚಕಿ ಇವೆಲ್ಲ ಅನಗತ್ಯ ವಸ್ತುಗಳ ಹಾಗೆ ಕಾಣುತ್ತವೆ. ಅವಿಲ್ಲದೆ ಎಷ್ಟೋ ಹೆಂಗಸರು ಮದುವೆ ಮುಂಜಿಗೂ ಹೋಗದೆ ಮನೆಯೊಳಗೆ ಉಳಿದುಬಿಡುತ್ತಾರೆ. ಚಿಕಿತ್ಸೆಗೆ ಬಗ್ಗದ ರೋಗಿಗೆ ನೋವಿಲ್ಲದ ಕೊನೆಯ ದಿನಗಳನ್ನು ಕೊಡುವ ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳು, 1990ರ ದಶಕದಲ್ಲಿ ಆರಂಭವಾದಾಗಿನಿಂದ ಬಡವ ಬಲ್ಲಿದ ಎನ್ನದೆ ಉಚಿತವಾಗಿ ನೋಡಿಕೊಳ್ಳುತ್ತಿರುವುದು ದಾನದ ಹಣದಿಂದ. ಇನ್ನು ದಾನ ಕೊಟ್ಟರೆ ಸರ್ಕಾರ ಹಿಂದೆ ಸರಿಯುತ್ತದೆ ಎಂಬ ಭಯಕ್ಕೆ ಇತಿಹಾಸವೇ ಉತ್ತರ ಹೇಳಲಿ. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ, ತಾವೂ ಸಾಯುವ ಮುಂಚೆ, ದೊರಾಬ್ಜಿ ತಮ್ಮ ಸಂಪತ್ತನ್ನು ಟ್ರಸ್ಟಿಗೆ ಬಿಟ್ಟರು. ಆ ಟ್ರಸ್ಟು 1941ರಲ್ಲಿ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ವಹಿಸಿಕೊಂಡಿತು, 1962ರಿಂದ ಅದು ಅಣುಶಕ್ತಿ ಇಲಾಖೆಯ ಕೆಳಗಿದೆ. ಮೇಲೆ ಹೇಳಿದ ಕೊಳೆಗೇರಿಯ ಅಧ್ಯಯನವೂ ಲಿಗ್ನೊಕೇನ್ ಪ್ರಯೋಗವೂ ಬಂದದ್ದು ಅಲ್ಲಿಂದ. ಸತ್ತವರ ಹಣ ಅಡಿಪಾಯ ಹಾಕಿತು, ಸರ್ಕಾರ ಅದರ ಮೇಲೆ ಕಟ್ಟಿತು.

ಮೂರನೆಯದು ನಂಬಿಕೆಯ ಪ್ರಶ್ನೆ: ಹಣ ನುಂಗಿದರೆ ಕೇಳುವವರು ಯಾರು? ಕೊಟ್ಟವರು ಇರುವುದಿಲ್ಲ ಎನ್ನುವುದೇ ಈ ಹಣದ ಬಲ ಎಂದು ಮೇಲೆ ಹೇಳಿದೆ. ಅದೇ ಅದರ ದೌರ್ಬಲ್ಯವೂ ಹೌದು. ಆಕ್ಷೇಪಣೆಗೆ ಪೂರ್ತಿ ಉತ್ತರವಿಲ್ಲ, ಎಚ್ಚರಿಕೆಗಳಿವೆ. ಸಂಸ್ಥೆ ಆದಾಯ ತೆರಿಗೆ ಇಲಾಖೆಯಲ್ಲಿ ದಾನಸಂಸ್ಥೆಯಾಗಿ ನೋಂದಾಯಿಸಿದೆಯೇ, ಲೆಕ್ಕ ಪರಿಶೋಧಿತ ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆಯೇ, ಅದರ ಟ್ರಸ್ಟಿಗಳು ಒಂದೇ ಮನೆಯವರೇ ಎಂದು ಬದುಕಿರುವಾಗಲೇ ನೋಡಿಕೊಳ್ಳಬಹುದು. ಮೊದಲು ಸಣ್ಣ ಮೊತ್ತ ಕೊಟ್ಟು ಅದು ಹೇಗೆ ಖರ್ಚಾಯಿತು ಎಂದು ಕೇಳಬಹುದು. ಉತ್ತರ ಕೊಡುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ. ಮುಖ್ಯವಾಗಿ, ಸಂಸ್ಥೆಯವರು ಬಂದು ಪಕ್ಕದಲ್ಲಿ ಕೂತು ಉಯಿಲು ಬರೆಸಲು ಬಿಡಬಾರದು. ಭಾರತದಲ್ಲಿ ಉಯಿಲಿನ ಮೊಕದ್ದಮೆ ಎಲ್ಲಿ ನಡೆದರೂ ಉದ್ಧರಿಸುವ ತೀರ್ಪೊಂದಿದೆ, ಅದು ನಮ್ಮ ಮೈಸೂರು ಸೀಮೆಯದೇ: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ, ಸುಪ್ರೀಂ ಕೋರ್ಟ್, 1959. ಉಯಿಲಿನಿಂದ ಲಾಭ ಪಡೆಯುವ ಕಡೆಯವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಅನುಮಾನಕ್ಕೆ ಎಡೆ, ಆ ಅನುಮಾನವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದೇ ಎಂಬ ತತ್ತ್ವ ಅಲ್ಲಿ ಗಟ್ಟಿಯಾಯಿತು. ವ್ಯಾಜ್ಯದ ಆ ಉಯಿಲು ನಿಲ್ಲಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ, ಮಾರ್ಫಿನ್ ತೆಗೆದುಕೊಳ್ಳುತ್ತಿರುವಾಗ, ಆ ಆಸ್ಪತ್ರೆಗೇ ಬರೆದುಕೊಟ್ಟ ಉಯಿಲು ಎಷ್ಟು ಪ್ರಾಮಾಣಿಕವಾಗಿದ್ದರೂ ಕೋರ್ಟಿನಲ್ಲಿ ಬೆವರಬೇಕಾಗುತ್ತದೆ. ಆರೋಗ್ಯವಾಗಿರುವಾಗ, ಸಂಸ್ಥೆಗೆ ಸಂಬಂಧವಿಲ್ಲದ ವಕೀಲರ ಬಳಿ ಬರೆಸುವುದೇ ಸರಿ.

ಬರೆಯುವ ಬಗೆಯ ಮೇಲೆ ಎಷ್ಟೋ ನಿಂತಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಕಡಿಮೆ: ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಮ್ಮಿ. ಕಷ್ಟ ಬರುವುದು ದಾನದ ವಾಕ್ಯದಲ್ಲಿ. ಕ್ಯಾನ್ಸರ್ ಆಸ್ಪತ್ರೆಗೆ ಎಂದಷ್ಟೇ ಬರೆದರೆ ಯಾವುದಕ್ಕೆ? ಸಂಸ್ಥೆಯ ಪೂರ್ತಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಬೇಕು. ಸಂಸ್ಥೆ ಮುಚ್ಚಿದ್ದರೆ ಅಥವಾ ಬೇರೊಂದರಲ್ಲಿ ಸೇರಿಹೋಗಿದ್ದರೆ ಅದೇ ಉದ್ದೇಶದ ಇನ್ನೊಂದಕ್ಕೆ ಕೊಡುವ ಅಧಿಕಾರ ಉಯಿಲಿನ ನಿರ್ವಾಹಕರಿಗೆ ಇರಬೇಕು. ಇದು ಬರಿಯ ಊಹೆಯ ಭಯವಲ್ಲ. ಮೇಲೆ ಹೇಳಿದ ಬ್ರೇಕ್‌ಥ್ರೂ ಸಂಸ್ಥೆ 2015ರಲ್ಲಿ ಇನ್ನೊಂದರ ಜೊತೆ ಸೇರಿ ಬ್ರೆಸ್ಟ್ ಕ್ಯಾನ್ಸರ್ ನೌ ಆಯಿತು, 2019ರಲ್ಲಿ ಮೂರನೆಯದೂ ಅದರೊಳಗೆ ಬಂತು. ಆಲ್ಫ್ರೆಡ್ ನೊಬೆಲ್ 1895ರಲ್ಲಿ ವಕೀಲರ ನೆರವಿಲ್ಲದೆ ಬರೆದ ಉಯಿಲಿನಲ್ಲಿ ಹಣ ನಿರ್ವಹಿಸಬೇಕಾದ ಸಂಸ್ಥೆಯೇ ಇರಲಿಲ್ಲ. ಬಂಧುಗಳ ತಕರಾರು ದಾಟಿ ಮೊದಲ ಬಹುಮಾನ ಹೊರಬೀಳಲು 1901ರವರೆಗೆ ಕಾಯಬೇಕಾಯಿತು. ಉದ್ದೇಶವನ್ನು ಅತಿಯಾಗಿ ಕಿರಿದು ಮಾಡುವುದೂ ತಪ್ಪು. ಇಂಥ ಕಂಪನಿಯ ಇಂಥ ಯಂತ್ರ ಕೊಳ್ಳಬೇಕು ಎಂದು ಬರೆದರೆ, ಇಪ್ಪತ್ತು ವರ್ಷದ ಮೇಲೆ ಉಯಿಲು ತೆರೆಯುವಾಗ ಆ ಯಂತ್ರ ವಸ್ತುಸಂಗ್ರಹಾಲಯದಲ್ಲಿರುತ್ತದೆ. ಸ್ತನ ಕ್ಯಾನ್ಸರ್ ರೋಗಿಗಳ ಪತ್ತೆ, ಚಿಕಿತ್ಸೆ, ಆರೈಕೆ ಅಥವಾ ಸಂಶೋಧನೆ ಎಂಬಷ್ಟು ಅಗಲ ಬಿಟ್ಟರೆ ಸಾಕು. ಇಂತಿಷ್ಟು ರೂಪಾಯಿ ಎನ್ನುವುದಕ್ಕಿಂತ ಉಳಿದದ್ದರಲ್ಲಿ ಇಂತಿಷ್ಟು ಪಾಲು ಎನ್ನುವುದು ಮೇಲು. ಹಣದುಬ್ಬರವೂ ತಿನ್ನದು, ಕೊನೆಗಾಲದ ಖರ್ಚಿನಲ್ಲಿ ಆಸ್ತಿ ಕರಗಿದರೆ ಮಕ್ಕಳ ಪಾಲನ್ನೂ ಅದು ನುಂಗದು. ಇನ್ನೊಂದು ಭ್ರಮೆ ಬ್ಯಾಂಕಿನ ನಾಮಿನಿಯದು. ನಾಮಿನಿಯಾದವರು ಹಣ ಪಡೆಯುವವರಷ್ಟೇ, ಒಡೆಯರಾಗುವುದಿಲ್ಲ. ಕಂಪನಿ ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲೂ ಇದನ್ನೇ ಮತ್ತೆ ಹೇಳಿದೆ.

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರ ಹಣವನ್ನು ವಿದೇಶಿ ಮೂಲ ಎಂದು ಎಣಿಸುವುದಿಲ್ಲ. ಅಮೆರಿಕ, ಬ್ರಿಟನ್ನಿನ ಪೌರತ್ವ ಪಡೆದವರದು, ಒಸಿಐ ಕಾರ್ಡಿದ್ದರೂ, ವಿದೇಶಿ ಮೂಲವೇ. ಅಂಥ ಹಣ ಪಡೆಯಲು ಇಲ್ಲಿನ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇರಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಇರಬೇಕು. ಬ್ರಿಟನ್ನಿನ ತೆರಿಗೆ ವಿನಾಯಿತಿಯೂ ಅಲ್ಲಿನ ದಾನಸಂಸ್ಥೆಗೆ ಬಿಟ್ಟರೆ ಮಾತ್ರ ಸಿಗುತ್ತದೆ. ಎರಡೂ ಕಡೆ ವಿಚಾರಿಸದೆ ಬರೆದರೆ ಹಣ ಅರ್ಧದಾರಿಯಲ್ಲಿ ನಿಂತೀತು.

ಇಷ್ಟೆಲ್ಲ ಹೇಳಿದರೂ ಉಯಿಲು ಎಂದೊಡನೆ ಕಣ್ಣ ಮುಂದೆ ಬರುವುದು ಮನೆಯ ಯಜಮಾನನೇ. ರೋಗ ಬರುವುದು ಬಹುಪಾಲು ಹೆಂಗಸರಿಗೆ, ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದ ಅವರ ಆಸ್ತಿ ಪೂರ್ತಿ ಅವರದೇ. ಆದರೆ ಅದೇ ಕಾಯ್ದೆಯ 15ನೇ ಕಲಂ ಪ್ರಕಾರ, ಮಕ್ಕಳೂ ಗಂಡನೂ ಇಲ್ಲದ ಹಿಂದೂ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಅವಳ ಸ್ವಂತ ದುಡಿಮೆ ಅವಳ ತಾಯಿತಂದೆಗಿಂತ ಮೊದಲು ಗಂಡನ ಕಡೆಯವರಿಗೆ ಹೋಗುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಅಂಥದ್ದೇ ಪ್ರಕರಣ. ಮದುವೆಯಾದ ಮೂರು ತಿಂಗಳಿಗೆ ಗಂಡ ಸತ್ತ, ಅತ್ತೆಮನೆಯವರು ಹೊರಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ದುಡಿದು ಕೂಡಿಟ್ಟರು, 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡರು. ಆಸ್ತಿ ಹೋದದ್ದು ಗಂಡನ ಅಕ್ಕತಂಗಿಯರ ಕಡೆಯವರಿಗೆ; ಸಹಾನುಭೂತಿಯಿಂದ ಕಾನೂನು ಬದಲಾಗದು ಎಂದು ನ್ಯಾಯಾಲಯ ಹೇಳಿತು. ನಿವೃತ್ತಿಯ ಹಣ, ಸ್ವಂತ ಫ್ಲಾಟು, ಒಡವೆ ಇರುವ ಶಿಕ್ಷಕಿಯರು, ನರ್ಸುಗಳು, ಬ್ಯಾಂಕ್ ನೌಕರಿಯ ಹೆಂಗಸರು ಕರ್ನಾಟಕದಲ್ಲಿ ಇಂದು ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ಹೆಚ್ಚಿನವರ ಎದುರು ಯಾವ ವಕೀಲರೂ ಉಯಿಲಿನ ಮಾತನ್ನೇ ತೆಗೆದಿಲ್ಲ. ಬ್ರಿಟನ್ನಿನ ಪ್ರಯೋಗದ ಆ ಪ್ರಶ್ನೆಯನ್ನು ನಮ್ಮಲ್ಲಿ ಕೇಳಲು ಆರಂಭಿಸುವುದಾದರೆ, ಮೊದಲು ಕೇಳಬೇಕಾದದ್ದು ಇವರನ್ನೇ. ಅವರ ಉಯಿಲಿನಲ್ಲಿ ಮೊದಲ ಪುಟ ತಾವು ಪ್ರೀತಿಸುವವರಿಗೆ ಇರಲಿ. ಎರಡನೇ ಪುಟದ ಒಂದು ಸಾಲಿಗೆ ಯಾವ ಸಂಸ್ಥೆ, ಎಷ್ಟು ಪಾಲು ಎಂದು ಅವರೇ ತೀರ್ಮಾನಿಸಲಿ.